ಡಾಸ್‌ಬಾಕ್ಸ್: ಹಳೆಯ ಕೋಡ್ ಜೊತೆ ವರ್ಷಗಟ್ಟಲೆ ಬಳಸಿದ ಮೇಲೆ

64 ಬಿಟ್ ವಿಂಡೋಸ್‌ನಲ್ಲಿ ಡಾಸ್ (ವಿಂಡೋಸ್‌ಗೂ ಹಿಂದಿನ ಆಪರೇಟಿಂಗ್ ಸಿಸ್ಟಮ್) ಕಾಲದ ಪ್ರೋಗ್ರಾಂಗಳು ಶುರುವಾಗುವುದೇ ಇಲ್ಲ. ನನ್ನ ಟರ್ಬೊ ಪ್ಯಾಸ್ಕಲ್, ಅಸೆಂಬ್ಲಿ ಕೋಡ್ ಎಲ್ಲಾ ಸುಮ್ನೆ ಬಿದ್ದಿತ್ತು. ಹಾಗಾಗಿ ಹಳೆಯ ಡಾಸ್ ಪಿಸಿಯನ್ನು ಈಗಿನ ಕಂಪ್ಯೂಟರ್‌ನೊಳಗೆ ಅನುಕರಿಸುವ ಡಾಸ್‌ಬಾಕ್ಸ್ ಹಾಕಿಕೊಂಡೆ. ಕಂಪ್ಯೂಟರ್‌ಗಳು ಬದಲಾದವು, ಇದು ಮಾತ್ರ ಉಳಿದಿದೆ. ಈಗಿರುವುದು 0.74-3 ಆವೃತ್ತಿ.

ಇದು ಡಾಸ್ ಒಂದನ್ನೇ ಅನುಕರಿಸಿದ್ದರೆ ಅರ್ಧ ಪ್ರೋಗ್ರಾಂಗಳೂ ಓಡುತ್ತಿರಲಿಲ್ಲ. ಆಗ ವೇಗ ಬೇಕಾದವರು ಡಾಸ್‌ ಅನ್ನಾಗಲಿ ಬಯೋಸ್ (ಹಾರ್ಡ್‌ವೇರ್ ನಡೆಸುವ ಮೂಲ ಪ್ರೋಗ್ರಾಂ) ಅನ್ನಾಗಲಿ ಕೇಳುತ್ತಾ ಕೂರುತ್ತಿರಲಿಲ್ಲ. ಬಿ800 ಸೆಗ್ಮೆಂಟ್‌ಗೆ, ಅಂದರೆ ಪರದೆಯ ಅಕ್ಷರಗಳು ಇರುವ ವಿಡಿಯೊ ಮೆಮೊರಿಗೆ, ಅಕ್ಷರಕ್ಕೊಂದು ಬೈಟ್, ಬಣ್ಣಕ್ಕೊಂದು ಬೈಟ್ ಬರೆದರೆ ಮುಗೀತು, ಪರದೆ ಮೇಲೆ ಬಂತು. ಲೋಟಸ್ 1-2-3 ಎಂಬ ಸ್ಪ್ರೆಡ್‌ಶೀಟ್ ಕೂಡ ನೇರವಾಗಿ ವಿಡಿಯೊ ಮೆಮೊರಿಗೇ ಬರೆಯುತ್ತಿತ್ತು. ಟ್ಯಾಂಡಿ 2000 ಒಳ್ಳೆಯ ಮೆಷಿನ್, ಎಂಎಸ್-ಡಾಸ್ ಕೂಡ ಇತ್ತು. ಆದರೆ ಒಳಗಿನ ಹಾರ್ಡ್‌ವೇರ್ ಐಬಿಎಂ ಪಿಸಿಯಂತೆ ಇರಲಿಲ್ಲ, ಹಾಗಾಗಿ ಪಿಸಿಗೆಂದು ಬರೆದ ಎಷ್ಟೋ ಸಾಫ್ಟ್‌ವೇರ್ ಅದರಲ್ಲಿ ನಡೆಯಲಿಲ್ಲ. ಡಾಸ್‌ಬಾಕ್ಸ್ ಟೈಮರ್, ವಿಡಿಯೊ ಕಾರ್ಡ್, ಸೌಂಡ್ ಬ್ಲಾಸ್ಟರ್ ಎಂಬ ಸೌಂಡ್ ಕಾರ್ಡ್ ಎಲ್ಲವನ್ನೂ ಅನುಕರಿಸುತ್ತದೆ. ಹರ್ಕ್ಯುಲಿಸ್ ಎಂಬ ಹಳೆಯ ವಿಡಿಯೊ ಕಾರ್ಡ್ ಬೇಕೆಂದರೆ ಕಾನ್ಫಿಗ್ ಫೈಲ್‌ನಲ್ಲಿ ಒಂದು ಸಾಲು ಬದಲಾಯಿಸಿದರಾಯಿತು.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಅನುಕರಿಸಿದ ಸಿಪಿಯು ವೇಗ ಎಷ್ಟಿರಬೇಕೆಂದು ಹೇಳುವ ಸೈಕಲ್ಸ್ ಸೆಟ್ಟಿಂಗ್. ಟರ್ಬೊ ಪ್ಯಾಸ್ಕಲ್‌ನ ಸಿಆರ್‌ಟಿ ಯೂನಿಟ್ (ಪರದೆ, ಕೀಬೋರ್ಡ್, ಡಿಲೇ ನೋಡಿಕೊಳ್ಳುವ ಲೈಬ್ರರಿ) ಬಳಸಿದ ಪ್ರೋಗ್ರಾಂ ವೇಗದ ಮೆಷಿನ್‌ನಲ್ಲಿ ‘ರನ್‌ಟೈಮ್ ಎರರ್ 200’ ಎಂದು ಹೇಳಿ ನಿಲ್ಲುತ್ತದೆ. ಅಂದರೆ ಸೊನ್ನೆಯಿಂದ ಭಾಗಾಕಾರ. ಅಸಲಿಗೆ ಅಲ್ಲಿ ಸೊನ್ನೆಯೇ ಇಲ್ಲ! ಡಿಲೇ, ಅಂದರೆ ಕಾಯುವ ಸಮಯದ ಲೆಕ್ಕ ಹಾಕಲು ಒಂದು ಟೈಮರ್ ಟಿಕ್‌ನಲ್ಲಿ, ಅಂದರೆ ಸುಮಾರು 55 ಮಿಲಿಸೆಕೆಂಡ್‌ನಲ್ಲಿ, ಲೂಪ್ ಎಷ್ಟು ಸುತ್ತು ಹೊಡೆಯಿತು ಎಂದು ಎಣಿಸಿ 55ರಿಂದ ಭಾಗಿಸುತ್ತಾರೆ. ಸಿಪಿಯು ವೇಗವಾದಷ್ಟೂ ಉತ್ತರ ದೊಡ್ಡದಾಗುತ್ತದೆ, ಒಂದು ಹಂತದಲ್ಲಿ 16 ಬಿಟ್‌ನಲ್ಲಿ ಹಿಡಿಸುವುದಿಲ್ಲ. ಇದಕ್ಕೂ ಪ್ರೊಸೆಸರ್ ಎಬ್ಬಿಸುವುದು ಸೊನ್ನೆಯಿಂದ ಭಾಗಿಸಿದಾಗ ಎಬ್ಬಿಸುವ ಅದೇ ಇಂಟರಪ್ಟ್ 0 (ತಪ್ಪಿನ ಸೂಚನೆ). ಕಂಟ್ರೋಲ್-ಎಫ್11 ಒತ್ತುತ್ತಾ ಸೈಕಲ್ಸ್ ಇಳಿಸಿ ಮತ್ತೆ ಓಡಿಸಿದರೆ ಎರರ್ ಮಾಯ. ಕೋಡ್ ಮುಟ್ಟಬೇಕಿಲ್ಲ.

‘ಪ್ಯಾಕ್ಡ್ ಫೈಲ್ ಈಸ್ ಕರಪ್ಟ್’ ಎಂದು ಬಂದರೂ ಫೈಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಎಕ್ಸ್‌ಇಪ್ಯಾಕ್ ಮಾಡಿದ, ಅಂದರೆ ಗಾತ್ರ ಕುಗ್ಗಿಸಿದ ಪ್ರೋಗ್ರಾಂ ಮೆಮೊರಿಯ ಮೊದಲ 64 ಕೆಬಿ ಒಳಗೆ ಲೋಡ್ ಆದಾಗ ಬರುವ ತಕರಾರು ಅದು. ಪ್ರೋಗ್ರಾಂ ಹೆಸರಿಗೂ ಮೊದಲು ಲೋಡ್‌ಫಿಕ್ಸ್ ಎಂಬ ಕಮಾಂಡ್ ಸೇರಿಸಿ ಓಡಿಸಿ.

ಕೊರತೆ ಇಲ್ಲವೇ? ಇದೆ. ಇಲ್ಲಿ ಒಂದು ಸೈಕಲ್ ಅಂದರೆ ಹೆಚ್ಚುಕಡಿಮೆ ಒಂದು ಇನ್‌ಸ್ಟ್ರಕ್ಷನ್. ಮೊದಲ ಐಬಿಎಂ ಪಿಸಿಯ ಪ್ರೊಸೆಸರ್ ಆದ ನಿಜವಾದ 8088ನಲ್ಲಿ ಗುಣಾಕಾರಕ್ಕೂ ಕೂಡುವುದಕ್ಕೂ ತಗಲುವ ಸಮಯದಲ್ಲಿ ಭಾರಿ ವ್ಯತ್ಯಾಸ ಇತ್ತು. ಅದೇ ಲೆಕ್ಕ ನಂಬಿ 4.77 ಮೆಗಾಹರ್ಟ್ಸ್‌ಗೆ ಬರೆದ ಕೋಡ್ ಇಲ್ಲಿ ತಾಳ ತಪ್ಪುತ್ತದೆ. ಅಂಥದ್ದಕ್ಕೆ ಹಳೆಯ ಪಿಸಿಯನ್ನು ಇನ್ನೂ ನಿಖರವಾಗಿ ಅನುಕರಿಸುವ 86ಬಾಕ್ಸ್ ವಾಸಿ, ಆದರೆ ಅದಕ್ಕೆ ಬಯೋಸ್ ರೋಮ್ (ROM) ಫೈಲ್‌ಗಳೂ ಬೇಕು, ಡಾಸ್ ಅನ್ನೂ ನೀವೇ ಹಾಕಬೇಕು. ಡಾಸ್‌ಬಾಕ್ಸ್ ಮಾಡಿದ್ದೇ ಆಟಗಳಿಗಾಗಿ, ಹಾಗಾಗಿ ಪ್ರಿಂಟರ್ ಸೌಲಭ್ಯ ಕೊಟ್ಟಿಲ್ಲ. ಹಳೆಯ ಲೆಕ್ಕಪತ್ರದ ಪ್ರೋಗ್ರಾಂನಿಂದ ಪ್ರಿಂಟ್ ತೆಗೆಯಬೇಕಾದವರು ಪ್ರಿಂಟರ್ ಸೌಲಭ್ಯವಿರುವ ಇದರ ಇನ್ನೊಂದು ರೂಪ ಡಾಸ್‌ಬಾಕ್ಸ್-ಎಕ್ಸ್ ಅನ್ನು ನೇರವಾಗಿ ಹಾಕಿಕೊಳ್ಳಿ.