ಡರ್ಟ್ ಬೈಕಿಗೆ ಅಂತ ಲಿಫ್ಟಿಗೆ ಪೈಪ್ ವೆಲ್ಡ್ ಮಾಡಿಸುವ ಮುಂಚೆ ಇದನ್ನು ಓದಿ

ಮನೆಯಲ್ಲೇ ಡರ್ಟ್ ಬೈಕ್ ಬಿಚ್ಚಿ ಕೆಲಸ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಾಮೂಲಿ ಬೈಕಿಗೆ ಮಾಡಿದ ಹೈಡ್ರಾಲಿಕ್ ಲಿಫ್ಟಿನ ಮೇಲೆ ಕಬ್ಬಿಣ ಕೂರಿಸಿ ಎತ್ತರ ಮಾಡಿಸಿಕೊಳ್ಳಬೇಡಿ. ನಮ್ಮ ಭಾವ ಹಾಗೆ ಮಾಡಿಸಿದ್ದರು. ಈಗ ಅವರ ಬಲಗೈಯ ಎರಡು ಬೆರಳಿಗೆ ರಾಡ್ ಹಾಕಿದ್ದಾರೆ. ಗಾಡಿಯ ಎಂಜಿನ್ ಕೇಸ್ ಸೀಳಿದೆ.

ಅವರದ್ದು ಎಕ್ಸ್‌ಪಲ್ಸ್ 200 4ವಿ ಪ್ರೊ, ಹೀರೊ ಕಂಪನಿಯ ಬೈಕು. ಸಕಲೇಶಪುರದ ಹತ್ತಿರ ತೋಟದ ದಾರಿಯಲ್ಲಿ ಓಡಾಡುವ ಗಾಡಿ. ಮಳೆಗಾಲದಲ್ಲಿ ಚೈನು, ವೀಲ್ ಬೇರಿಂಗು, ಬ್ರೇಕು ಎಲ್ಲದಕ್ಕೂ ಕೆಸರು ಮೆತ್ತಿಕೊಳ್ಳುತ್ತೆ, ಆಗಾಗ ಚಕ್ರ ಬಿಚ್ಚಲೇಬೇಕು. ಸೆಂಟರ್ ಸ್ಟ್ಯಾಂಡ್ ಇಲ್ಲ. ಹಾಗಾಗಿ ಲಿಫ್ಟ್ ತಂದರು. ಅದರಲ್ಲಿ ತಪ್ಪೇನಿಲ್ಲ.

ತೊಂದರೆ ಇದ್ದದ್ದು ಎತ್ತರದಲ್ಲಿ. ಈ ಗಾಡಿಯ ಹೊಟ್ಟೆ ನೆಲದಿಂದ 270 ಮಿ.ಮೀ. ಮೇಲಿದೆ. ಹಿಂದಿನ ಸಸ್ಪೆನ್ಷನ್ 220 ಮಿ.ಮೀ. ಆಡುತ್ತೆ. ಲಿಫ್ಟ್ ಗಾಡಿಯನ್ನು ಎತ್ತಲು ಶುರು ಮಾಡಿದ ಕೂಡಲೇ ಚಕ್ರ ನೆಲ ಬಿಡೋದಿಲ್ಲ. ಗಾಡಿಯ ಭಾರಕ್ಕೆ ಕುಗ್ಗಿದ್ದ ಸ್ಪ್ರಿಂಗ್ ಮೊದಲು ಚಾಚಿಕೊಳ್ಳುತ್ತೆ, ಆಮೇಲೆ ಚಕ್ರ ಏಳುತ್ತೆ. ಲಿಫ್ಟ್ ಪೂರ್ತಿ ಏರಿದರೂ ಹಿಂದಿನ ಟೈರು ನೆಲವನ್ನು ಸವರುತ್ತಲೇ ಇತ್ತು. ಅದೂ ಅಲ್ಲದೆ, ಲಿಫ್ಟಿನ ಅಗಲವಾಗಿರುವ ಎರಡು ಪಟ್ಟಿಗಳ ಮೇಲೆ ಕೂರೋದಕ್ಕೆ ಸಪಾಟಾದ ಫ್ರೇಮ್ ಬೇಕು. ಇಲ್ಲಿ ಕೆಳಗಿರೋದು ಬಾಗಿದ ಬ್ಯಾಶ್ ಪ್ಲೇಟ್, ಅಂದರೆ ಎಂಜಿನ್ನಿಗೆ ಕಲ್ಲು ತಾಗದ ಹಾಗೆ ಹಾಕಿರೋ ತಗಡು.

ಲಿಫ್ಟಿನ ಮೇಲೆ ಪೈಪಿನ ಸ್ಟೂಲ್ ಕೂರಿಸಿ ಎತ್ತರ ಮಾಡಬಹುದಾ ಅಂತ ಭಾವ ಒಂದು ವೆಲ್ಡಿಂಗ್ ಅಂಗಡಿಗೆ ಹೋಗಿ ಕೇಳಿದರು. "ಏನೂ ಆಗಲ್ಲ ಸಾರ್, ಈ ಲಿಫ್ಟು 680 ಕೆಜಿ ತಡಿಯುತ್ತೆ, ನಿಮ್ಮ ಗಾಡಿ ಎಷ್ಟಿದ್ದೀತು" ಅಂದರಂತೆ ಅಲ್ಲಿಯವರು. ಸುಮಾರು 160 ಕೆಜಿ ಗಾಡಿ, ಕೇಳಿದರೆ ಯಾರಿಗಾದರೂ ಧೈರ್ಯ ಬರುತ್ತೆ. ಆದರೆ ಸ್ಟಿಕ್ಕರಿನ ಮೇಲಿರೋ ಅಂಕಿ ಲಿಫ್ಟ್ ಫ್ಯಾಕ್ಟರಿಯಿಂದ ಬಂದ ಹಾಗೇ ಇದ್ದಾಗ, ಭಾರ ನಡುಮಧ್ಯೆ ನೆಟ್ಟಗೆ ಕೆಳಗೆ ಬಿದ್ದಾಗಿನದ್ದು. ಮೇಲೊಂದು ಸ್ಟೂಲ್ ಕೂರಿಸಿದ ಮೇಲೆ ಆ ಅಂಕಿಗೆ ಬೆಲೆ ಇಲ್ಲ. ಭಾರ ಮೇಲಕ್ಕೆ ಹೋಯಿತು, ಕೆಳಗಿನ ಕಾಲಿನ ಅಗಲ ಅಷ್ಟೇ ಉಳಿಯಿತು.

ಜಿಐ ಪೈಪ್ ಕತ್ತರಿಸಿ ಸ್ಟೂಲ್ ಮಾಡಿ, ವೆಲ್ಡ್ ಹೊಡೆದು, ಮೇಲೆ ಕಪ್ಪು ಪೇಂಟ್ ಬಳಿದು ಕೊಟ್ಟಿದ್ದರು. ನೋಡೋದಕ್ಕೆ ಅಚ್ಚುಕಟ್ಟಾಗಿತ್ತು. ಮೊದಮೊದಲು ಚೈನ್ ತೊಳೆಯೋದು, ಎಣ್ಣೆ ಹಾಕೋದು ಎಲ್ಲ ನಡೆಯಿತು. ಆ ದಿನ ಹಿಂದಿನ ಚಕ್ರ ಬಿಚ್ಚಬೇಕಿತ್ತು. ಆಕ್ಸಲ್ ನಟ್ ಬಿಗಿಯಾಗಿ ಕೂತಿತ್ತು. ಗಾಡಿ ಮೇಲಿದ್ದಾಗಲೇ ಉದ್ದದ ಸ್ಪ್ಯಾನರ್ ಹಾಕಿ ಜೋರಾಗಿ ಒತ್ತಿದರು. ನಟ್ ಸಡಿಲವಾಯಿತು. ಚಕ್ರ ಹೊರಗೆಳೆದಾಗ ಹಿಂದಿನ ಭಾರ ಕಡಿಮೆಯಾಗಿ ಗಾಡಿ ಮೂಗು ಬಗ್ಗಿಸಿತು. ಟಪ್ ಅಂತ ಒಂದು ಸದ್ದು, ಸ್ಟೂಲಿನ ಮುಂದಿನ ಕಾಲು ಕಿತ್ತುಬಂತು. ನಾನು ಅಲ್ಲೇ ಗೋಡೆ ಪಕ್ಕದಲ್ಲಿದ್ದೆ. ಹಿಡಿಯೋಕೆ ಸಮಯವೇ ಸಿಗಲಿಲ್ಲ. ಭಾವನ ಕೈ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರೋ ತೋಳು) ಮತ್ತು ಲಿಫ್ಟಿನ ನಡುವೆ ಸಿಕ್ಕಿಕೊಂಡಿತು.

ಆಸ್ಪತ್ರೆಯಿಂದ ಬಂದ ಮೇಲೆ ಮುರಿದ ಜಾಗವನ್ನು ಟಾರ್ಚ್ ಹಾಕಿ ನೋಡಿದೆ. ಪೇಂಟಿನ ಕೆಳಗೆ ವೆಲ್ಡ್ ತುಂಬ ದೋಸೆಯ ಹಾಗೆ ಸಣ್ಣಸಣ್ಣ ತೂತು. ಜಿಐ ಪೈಪಿನ ಮೇಲಿನ ಸತುವಿನ ಲೇಪವನ್ನು ಉಜ್ಜಿ ತೆಗೆಯದೆ ವೆಲ್ಡ್ ಮಾಡಿದರೆ ಸತು ಆವಿಯಾಗಿ ಹೀಗಾಗುತ್ತೆ. ಆ ಹೊಗೆ ಕುಡಿದರೆ ವೆಲ್ಡರಿಗೂ ಜ್ವರ ಬರುತ್ತೆ. ಒಂದು ಕಡೆ ಲಿಫ್ಟಿನ ಕಬ್ಬಿಣ ಕರಗೇ ಇರಲಿಲ್ಲ, ವೆಲ್ಡ್ ಸುಮ್ನೆ ಮೇಲೆ ಅಂಟಿಕೊಂಡಿತ್ತು. ಇದಕ್ಕಿಂತ ನನಗೆ ಭಯವಾಗಿದ್ದು ಇನ್ನೊಂದು. ಸ್ಟೂಲಿನ ಪಟ್ಟಿ ಅಡ್ಡ ಬಂದು ಲಿಫ್ಟಿನ ಲಾಕ್ ಪಿನ್ ತೂತಿಗೆ ಹೋಗ್ತಾನೇ ಇರಲಿಲ್ಲ. ಎತ್ತುವ ಕೆಲಸ ಎಣ್ಣೆಯದ್ದು, ತಡೆದು ನಿಲ್ಲಿಸುವ ಕೆಲಸ ಆ ಪಿನ್ನಿನದ್ದು. ಅಂದರೆ ಇಷ್ಟು ದಿನವೂ ಗಾಡಿ ಎಣ್ಣೆ ಹಿಡಿದಿಡುವ ಒಂದು ರಬ್ಬರ್ ಸೀಲಿನ ಭರವಸೆ ಮೇಲೆ ನಿಂತಿತ್ತು.

ಹಾಗಾದರೆ ಏನು ಮಾಡಬೇಕು? ಚೈನ್ ಕೆಲಸಕ್ಕೆ ಸ್ವಿಂಗ್‌ಆರ್ಮ್ ಹಿಡಿಯುವ ಪ್ಯಾಡಾಕ್ ಸ್ಟ್ಯಾಂಡ್ ಸಾಕು. ಚಕ್ರ ಬಿಚ್ಚೋದಕ್ಕೆ ಡರ್ಟ್ ಬೈಕಿಗೆ ಅಂತಲೇ ಮಾಡಿದ, ಹೊಟ್ಟೆಯ ಕೆಳಗೆ ಇಡುವ ಅಗಲ ಕಾಲಿನ ಬಾಕ್ಸ್ ಸ್ಟ್ಯಾಂಡ್ ತಗೊಳ್ಳಿ. ನಿಮ್ಮ ಗಾಡಿಯ ಹೊಟ್ಟೆಯ ಎತ್ತರ ಅಳೆದುಕೊಂಡೇ ಹೋಗಿ. ಆಕ್ಸಲ್ ನಟ್ಟನ್ನು ಎರಡೂ ಚಕ್ರ ನೆಲದ ಮೇಲಿರುವಾಗಲೇ ಸಡಿಲ ಮಾಡಿ, ಪೂರ್ತಿ ಬಿಚ್ಚೋದು ಆಮೇಲೆ. ಮೇಲೆ ಗಟ್ಟಿ ತೊಲೆ ಇದ್ದರೆ ಎರಡೂ ಕಡೆಯಿಂದ ರ‍್ಯಾಚೆಟ್ ಬೆಲ್ಟ್ ಕಟ್ಟಿ. ಗಾಡಿ ಜಾರಿದರೂ ಕೈ ತೆಗೆಯೋಕೆ ಒಂದು ಕ್ಷಣ ಸಿಗುತ್ತೆ.

ಈಗಾಗಲೇ ಹೀಗೆ ಮಾಡಿಸಿಕೊಂಡಿದ್ದೀರಾ? ಲಿಫ್ಟ್ ಖಾಲಿ ಇರುವಾಗ ಪೂರ್ತಿ ಏರಿಸಿ, ಲಾಕ್ ಪಿನ್ ಹಾಕಿ ನೋಡಿ. ಪಿನ್ ಹೋದರೂ ಸರಿ, ಹೋಗದಿದ್ದರೂ ಸರಿ, ಆ ವೆಲ್ಡ್ ಮಾಡಿದ ಭಾಗವನ್ನು ಗ್ರೈಂಡರ್ ಹಿಡಿದು ಕತ್ತರಿಸಿ ತೆಗೆಸಿ. ಅಂಗಡಿಯವರು ಮತ್ತೆ ಗಟ್ಟಿಯಾಗಿ ಮಾಡಿಕೊಡ್ತೀವಿ ಅಂದರೂ ಒಪ್ಪಬೇಡಿ. ಭಾವನಿಗೂ ಅಂಗಡಿಯವರು ಅದನ್ನೇ ಹೇಳಿದರು.