ಮೋಲ್ಡ್ ಕೆಲಸಕ್ಕೆ ಆಟೋ ಹತ್ತೋ ಮುಂಚೆ ಲಿಫ್ಟ್ ಐತೋ ಇಲ್ವೋ ಕೇಳಿ

ಗೌಂಡಿ ಕೆಲಸಕ್ಕೆ ಹೋಗೋರು, ಅದರಲ್ಲೂ ಬೇಸಿಗೆ ರಜೆಯಲ್ಲಿ ನಾಲ್ಕು ಕಾಸು ಸಿಗುತ್ತೆ ಅಂತ ಮೊದಲ ಸಲ ಹೊರಡೋ ಹುಡುಗರು ಇದನ್ನ ಪೂರ್ತಿ ಓದಿ. ಮೋಲ್ಡ್ ಅಂದ್ರೆ ಚಾವಣಿಗೆ ಕಾಂಕ್ರೀಟ್ ಹಾಕೋ ಕೆಲಸ, ಮಿಲ್ಲರ್ ಅಂದ್ರೆ ಕಾಂಕ್ರೀಟ್ ಕಲಸೋ ಯಂತ್ರ, ಲಿಫ್ಟ್ ಅಂದ್ರೆ ಕಲಸಿದ ಮಾಲನ್ನ ಮೇಲಕ್ಕೆ ಎತ್ತೋ ಯಂತ್ರ. ಏಪ್ರಿಲ್ ಕೊನೇ ಭಾನುವಾರ ದಾವಣಗೆರೆಯ ಹೊರಗೆ, ಹದಡಿ ರಸ್ತೆ ಕಡೆಯ ಒಂದು ಹೊಸ ಬಡಾವಣೆಯಲ್ಲಿ ನಮಗೆ ಆಗಿದ್ದು ಇನ್ಯಾರಿಗೂ ಆಗಬಾರದು.

ಬೆಳಗ್ಗೆ ಆರೂವರೆಗೆ ನಾನು, ನಮ್ಮ ಸೋದರಮಾವ ಬುತ್ತಿ ಹಿಡ್ಕೊಂಡು ಸರ್ಕಲ್‌ನಲ್ಲಿ ನಿಂತಿದ್ವಿ. ಮೇಸ್ತ್ರಿ ಲಗೇಜ್ ಆಟೋ ತಗೊಂಡು ಬಂದ. "ಮೋಲ್ಡ್ ಐತಿ. ಹನ್ನೆರಡು ಆಳು. ಗಂಡಾಳಿಗೆ ಒಂಬೈನೂರು, ಹೆಣ್ಣಾಳಿಗೆ ಆರುನೂರು. ಲಿಫ್ಟ್ ಮಿಲ್ಲರ್ ಬರ್ತೈತಿ, ನಾಲ್ಕು ಗಂಟೆಗೆಲ್ಲಾ ಮುಗೀತೈತಿ, ಹತ್ರಿ ಹತ್ರಿ" ಅಂದ. ಮಾವ ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿ ಇರೋನು. ಅವತ್ತು ಅವನೂ ಮತ್ತೇನೂ ಕೇಳಲಿಲ್ಲ. ವಾರದಿಂದ ಕೆಲಸ ಇರಲಿಲ್ಲ, ಹತ್ತಿಬಿಟ್ವಿ.

ಸೈಟ್‌ನಲ್ಲಿ ಇಳಿದು ನೋಡಿದ್ರೆ ಎಂಟೇ ಜನ. ಅದರಲ್ಲಿ ಮೂವರು ಹೆಣ್ಣುಮಕ್ಕಳು, ಒಬ್ಬ ಆಗಷ್ಟೇ ಪಿಯುಸಿ ಮುಗಿಸಿದ ಹುಡುಗ. ಮಿಲ್ಲರ್ ಬಂದಿತ್ತು, ಲಿಫ್ಟ್ ಇಲ್ಲ. "ಇನ್ನೊಂದ್ ಕಡೆ ಐತಿ, ಹನ್ನೊಂದಕ್ಕೆ ಬರ್ತೈತಿ, ಅಲ್ಲೀತನಕ ಕೈಯಾಗೆ ಹೊರ್ರಿ" ಅಂದ ಮೇಸ್ತ್ರಿ. ಮೊದಲನೇ ಮಹಡಿಯ ಮೋಲ್ಡ್. ಮೇಲಕ್ಕೆ ಹೋಗೋಕೆ ಸಾರವೆಗೆ ಕಟ್ಟಿದ ಹಲಗೆ ಅಷ್ಟೇ. ಎಂಟೂವರೆಗೆ ಸಿಮೆಂಟಿನ ಮೊದಲ ಮೂಟೆ ಹರಿದ್ರು.

ನಾವು ಸಿಕ್ಕಿಹಾಕಿಕೊಂಡಿದ್ದು ಅಲ್ಲೇ. ಗೋಡೆ ಕಟ್ಟೋ ಕೆಲಸ ಆದ್ರೆ ಮಧ್ಯಾಹ್ನಕ್ಕೆ ಕೈ ತೊಳ್ಕೊಂಡು ಎದ್ದು ಬರಬಹುದು. ಮೋಲ್ಡ್ ಹಾಗಲ್ಲ. ಅರ್ಧ ಹಾಕಿ ಬಿಟ್ರೆ ಹಾಕಿದ್ದು ಗಟ್ಟಿಯಾಗಿ, ಆಮೇಲೆ ಹಾಕೋದು ಅದಕ್ಕೆ ಸರಿಯಾಗಿ ಕೂಡಲ್ಲ, ಜಾಯಿಂಟ್ ಬಿಟ್ಟು ಮಳೆಗಾಲದಲ್ಲಿ ಸೋರುತ್ತೆ. ಅದು ಮೇಸ್ತ್ರಿಗೂ ಗೊತ್ತು, ನಮಗೂ ಗೊತ್ತು. ಒಬ್ಬರ ಮನೆ ಹಾಳು ಮಾಡಿ ಎದ್ದು ಹೋಗೋಕೆ ನಮ್ಮಂಥೋರಿಗೆ ಮನಸ್ಸು ಬರಲ್ಲ. ಅದನ್ನೇ ನಂಬ್ಕೊಂಡು ಇಂಥವರು ಆಳು ಕಡಿಮೆ ತರ್ತಾರೆ. ಮೊದಲ ಮೂಟೆ ಹರಿಯೋತನಕ ಮಾತು ನಿಮ್ಮ ಕೈಯಲ್ಲಿರುತ್ತೆ, ಆಮೇಲೆ ಅವನ ಕೈಯಲ್ಲಿ.

ಲೆಕ್ಕ ಹಾಕಿ ನೋಡಿ. ಆ ಮೋಲ್ಡ್ 1,200 ಚದರಡಿ, 5 ಇಂಚು ದಪ್ಪ ಅಂದ್ರೆ 500 ಘನ ಅಡಿ ಕಾಂಕ್ರೀಟ್. ಒಂದು ಮೂಟೆ ಸಿಮೆಂಟ್ 50 ಕೆಜಿ. ಅದಕ್ಕೆ ಎಂ ಸ್ಯಾಂಡ್, ಜಲ್ಲಿ, ನೀರು ಸೇರಿದ್ರೆ ಮಿಲ್ಲರ್ ಒಂದು ಸಲ ಸುರಿಯೋದು ಸುಮಾರು ಮೂರು ಕ್ವಿಂಟಲ್. ಅವತ್ತು ಹರಿದ ಮೂಟೆ 110ಕ್ಕಿಂತ ಜಾಸ್ತಿ. ಹತ್ತಿರ ಹತ್ತಿರ 340 ಕ್ವಿಂಟಲ್ ಮಾಲು, ಎರಡು ಸಾವಿರ ಬಾಂಡ್ಲಿ, ಎಂಟು ಜನರ ಕೈ ದಾಟಿ ಮೇಲೆ ಹೋಯ್ತು. ಲಿಫ್ಟ್ ಹನ್ನೊಂದಕ್ಕೂ ಬರಲಿಲ್ಲ, ಮೂರಕ್ಕೂ ಬರಲಿಲ್ಲ. ಆಮೇಲೆ ಗೊತ್ತಾಯ್ತು, ಮೋಲ್ಡನ್ನ ಚದರಡಿ ಲೆಕ್ಕದಲ್ಲಿ ಗುತ್ತಿಗೆ ಹಿಡಿದಿದ್ದ. ನಾಲ್ಕು ಆಳಿನ ಕೂಲಿ, ಲಿಫ್ಟಿನ ಬಾಡಿಗೆ ಎರಡೂ ಅವನಿಗೇ ಉಳೀತು.

ಕುಡಿಯೋಕೆ ಇಪ್ಪತ್ತು ಲೀಟರ್‌ನ ಒಂದೇ ಕ್ಯಾನ್. ಹನ್ನೆರಡಕ್ಕೆ ಖಾಲಿ. ಕೇಳಿದ್ರೆ ಡ್ರಮ್ ತೋರಿಸಿದ. ಕ್ಯೂರಿಂಗ್‌ಗೆ, ಅಂದ್ರೆ ಹಾಕಿದ ಕಾಂಕ್ರೀಟ್ ಒಣಗದಂಗೆ ಹೊಯ್ಯೋಕೆ, ತುಂಬಿಸಿಟ್ಟ ನೀರು, ಪಾಚಿ ಕಟ್ಟಿತ್ತು, ಮೇಲೆ ಸಿಮೆಂಟ್ ಪುಡಿಯ ಕೆನೆ. ಎರಡು ಗಂಟೆ ಹೊತ್ತಿಗೆ ಪಿಯುಸಿ ಹುಡುಗನ ಮೀನಖಂಡ ಹಿಡ್ಕೊಂಡಿತು. ವಾಂತಿ ಮಾಡಿದ. "ಏನಾಯ್ತೋ ತಮ್ಮಾ?" ಅಂದ್ರೆ ಬೇರೆಲ್ಲೋ ನೋಡ್ತಾನೆ, ಉತ್ತರ ಇಲ್ಲ. ಸೈಟ್‌ನಲ್ಲಿ ನೆರಳು ಅಂತ ಇದ್ದಿದ್ದು ಸೆಂಟ್ರಿಂಗ್ ಕೆಳಗೆ, ಅಂದ್ರೆ ಮೋಲ್ಡ್ ಹೊರೋಕೆ ಕಂಬ ಕೊಟ್ಟು ನಿಲ್ಲಿಸಿದ ಹಲಗೆ ಕೆಳಗೆ ಮಾತ್ರ. ಯಾರೋ ಅಲ್ಲೇ ಮಲಗಿಸೋಣ ಅಂದ್ರು. ಮಾವ ಬೈದುಬಿಟ್ಟ. "ಮ್ಯಾಲೆ ಹಸಿ ಮಾಲು ಬೀಳ್ತಾ ಇರೋವಾಗ ಕೆಳಗೆ ಒಂದು ಇಲಿನೂ ಇರಬಾರ್ದು." ರಸ್ತೆ ಆಚೆ ಬೇವಿನ ಮರದ ಕೆಳಗೆ ಎತ್ಕೊಂಡು ಹೋಗಿ ಟವಲ್ ಒದ್ದೆ ಮಾಡಿ ಕುತ್ತಿಗೆಗೆ, ಕಂಕುಳಿಗೆ ಇಟ್ವಿ. ಹುಡುಗ ಸರಿಯಾಗಿ ಮಾತಾಡೋಕೆ ಶುರು ಮಾಡಿದ ಮೇಲೆ ಪಕ್ಕದ ಮನೆಯ ಅಜ್ಜಿ ಸಕ್ಕರೆ ಉಪ್ಪು ಕಲಸಿದ ನೀರು ತಂದುಕೊಟ್ರು. ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇದನ್ನ ಮನೆಯಿಂದಲೇ ಬಾಟಲಿಗೆ ತುಂಬ್ಕೊಂಡು ಹೋಗಿ. ಬೆವರು ನಿಂತು ಮೈ ಸುಡ್ತಾ ಇದ್ರೆ, ಮಾತು ತಡವರಿಸಿದ್ರೆ ಮಾತ್ರ ಕಾಯಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ. ನಾವು ಮಾಡಬೇಕಿತ್ತು, ಮಾಡಲಿಲ್ಲ. ಹುಡುಗ ಉಳಿದಿದ್ದು ಪುಣ್ಯ.

ನನಗೆ ಇನ್ನೂ ಕಣ್ಣಿಗೆ ಕಟ್ಟಿದಂಗೆ ಇರೋದು ಮಿಲ್ಲರ್ ಬಾಯಿ ಹತ್ರ ನಿಂತಿದ್ದ ಅಕ್ಕನ ಕಾಲು. ಬೂಟು ಇಲ್ಲ, ಹವಾಯಿ ಚಪ್ಪಲಿ. ದಿನವಿಡೀ ಸಿಮೆಂಟ್ ಹಾಲು ಕಾಲ ಮೇಲೆ ಇಳೀತಾ ಇತ್ತು. ರಾತ್ರಿ ಕಾಲು ತೊಳೆದಾಗ ಮೊಬೈಲ್ ಬೆಳಕಲ್ಲಿ ನೋಡಿದ್ವಿ. ಬೆರಳ ಸಂದಿಯ ಚರ್ಮ ನೆನೆದ ಅವಲಕ್ಕಿ ತರ ಬೆಳ್ಳಗೆ ಉಬ್ಬಿತ್ತು, ಮೂರನೇ ಬೆರಳ ಬುಡದಲ್ಲಿ ಕಾಳುಮೆಣಸಿನಷ್ಟು ಕೆಂಪು ತೂತು. "ಸಿಮೆಂಟು ತಿಂದೈತಿ ಬಿಡಪ್ಪ, ನಾಳಿಗೆ ಸರಿಹೋಗ್ತೈತಿ" ಅಂದ್ಲು. ಸರಿಹೋಗಲಿಲ್ಲ. ಹನ್ನೆರಡು ದಿನ ಚಪ್ಪಲಿ ಹಾಕೋಕೆ ಆಗಲಿಲ್ಲ, ಅಷ್ಟು ದಿನದ ಕೂಲಿ ಹೋಯ್ತು. ಹಸಿ ಸಿಮೆಂಟ್ ಸುಣ್ಣದ ಜಾತಿ. ಸುಡೋದು ಆಗಲೇ ಗೊತ್ತಾಗಲ್ಲ, ಉರಿ ಶುರುವಾಗೋ ಹೊತ್ತಿಗೆ ಒಳಗೆ ಇಳಿದಿರುತ್ತೆ. ಕಾಲಿಗೆ ಬಿದ್ದರೆ ಅಲ್ಲೇ ಕೆಲಸ ನಿಲ್ಲಿಸಿ ಒಳ್ಳೇ ನೀರಲ್ಲಿ ಇಪ್ಪತ್ತು ನಿಮಿಷ ತೊಳೀರಿ, ಗಾಯ ಕಂಡರೆ ಡಾಕ್ಟರ್ ಹತ್ರ ಹೋಗಿ. ಎಣ್ಣೆ ಸವರಿ ಸುಮ್ಮನಾಗಬೇಡಿ.

ಮನೆ ಕಟ್ಟಿಸೋರಿಗೂ ಒಂದು ಮಾತು. ಸಂಜೆ ಕೈ ಸೋತಾಗ ಮಾಲು ಬೇಗ ಜಾರಲಿ ಅಂತ ಮಿಲ್ಲರ್‌ಗೆ ಬಕೆಟ್‌ಗಟ್ಟಲೆ ನೀರು ಜಾಸ್ತಿ ಹೊಯ್ದ ಮೇಸ್ತ್ರಿ. ನೀರು ಹೆಚ್ಚಾದಷ್ಟೂ ಕಾಂಕ್ರೀಟಿನ ಗಟ್ಟಿತನ ಕಡಿಮೆ. ಆಳು ಉಳಿಸಿದ್ದಕ್ಕೆ ದಂಡ ಕಟ್ಟೋದು ಕೊನೆಗೆ ನೀವೇ. ಮೋಲ್ಡ್ ದಿನ ಸೈಟ್‌ಗೆ ಬಂದು ತಲೆ ಎಣಿಸಿ.

ಮುಗಿದಾಗ ರಾತ್ರಿ ಒಂಬತ್ತು. ಬಟವಾಡೆ ಮಾಡೋವಾಗ ಗಂಡಾಳಿಗೆ ಏಳುನೂರು, ಹೆಣ್ಣಾಳಿಗೆ ನಾನೂರೈವತ್ತು ಕೈಗಿಟ್ಟ. "ಲೇಟ್ ಆಗೈತಲ್ಲ, ಓನರ್ ಹಿಡ್ಕೊಂಡಾರೆ." ಪಿಯುಸಿ ಹುಡುಗನಿಗೆ ಅರ್ಧ ದಿನದ ಕೂಲಿ. ಮೇಸ್ತ್ರಿ ಬೆಳಗ್ಗೆ ಮಾತು ಆಡಿದ್ದಕ್ಕೆ ಸಾಕ್ಷಿ ಇಲ್ಲ, ಅವನ ಪೂರ್ತಿ ಹೆಸರೂ ನಮಗೆ ಗೊತ್ತಿರಲಿಲ್ಲ. ಮರುದಿನ ಕಾರ್ಮಿಕ ಸಹಾಯವಾಣಿ 155214ಕ್ಕೆ ಫೋನ್ ಮಾಡೋಣ ಅಂತ ಕೂತರೆ ಯಾರ ಮೇಲೆ ಅಂತ ದೂರು ಹೇಳೋದು? ಅದಕ್ಕೇ ಹೇಳ್ತಿದೀನಿ: ಆಟೋ ಹತ್ತೋ ಮುಂಚೆ ಮೇಸ್ತ್ರಿ ಹೆಸರು, ಸೈಟ್ ಎಲ್ಲಿ, ಕೂಲಿ ಎಷ್ಟು, ಎಷ್ಟು ಗಂಟೆ ತನಕ ಅನ್ನೋದನ್ನ ಅವನ ನಂಬರ್‌ಗೇ ವಾಟ್ಸಾಪ್ ಮಾಡಿ ಇಟ್ಕೊಳ್ಳಿ. ಗಾಡಿ ನಂಬರ್ ಫೋಟೋ ತಗೊಳ್ಳಿ. ಲೇಬರ್ ಕಾರ್ಡ್ ಇಲ್ಲದೋರು ಮಾಡಿಸ್ಕೊಳ್ಳಿ. ವಯಸ್ಸು 18ರಿಂದ 60ರ ಒಳಗಿದ್ದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ರೆ ಸಾಕು. ಮಾವನ ಹತ್ರ ಇದೆ, ಆ ಅಕ್ಕನ ಹತ್ರ ಇಲ್ಲ.

ಹೋದ ಭಾನುವಾರ ಅದೇ ಆಟೋ ಸರ್ಕಲ್‌ಗೆ ಬಂತು. ಮಾವ ಹತ್ತಿರ ಹೋಗಿ, "ಲಿಫ್ಟ್ ಎಲ್ಲೈತಿ, ಮೊದ್ಲು ತೋರ್ಸು" ಅಂದ. ಮೇಸ್ತ್ರಿ ಮುಖ ತಿರುಗಿಸಿದ. ನಾವು ಹತ್ತಲಿಲ್ಲ. ಹೊಸ ಹುಡುಗರು ನಾಲ್ಕು ಜನ ಹತ್ತಿದ್ರು, ಕೂಗಿ ಹೇಳೋ ಅಷ್ಟರಲ್ಲಿ ಗಾಡಿ ಹೊರಟುಹೋಯ್ತು.