ಕ್ಯಾಬಟ್ ಟ್ರೇಲ್: ಪ್ರದಕ್ಷಿಣೆಯೋ, ಅಪ್ರದಕ್ಷಿಣೆಯೋ?

ಕೆನಡಾದ ಹ್ಯಾಲಿಫ್ಯಾಕ್ಸ್‌ನಿಂದ ಕೇಪ್ ಬ್ರೆಟನ್ ದ್ವೀಪಕ್ಕೆ ಹೊರಡುವ ನಮ್ಮವರೆಲ್ಲ ಕೇಳುವ ಪ್ರಶ್ನೆ ಒಂದೇ: 298 ಕಿ.ಮೀ.ಗಳ ಕ್ಯಾಬಟ್ ಟ್ರೇಲ್ ಎಂಬ ಸುತ್ತುರಸ್ತೆಯನ್ನು ಯಾವ ಕಡೆಯಿಂದ ಸುತ್ತಬೇಕು? ಎರಡೂ ಕಡೆಯಿಂದ ಗಾಡಿ ಓಡಿಸಿದ್ದೇನೆ. ನನ್ನ ಮತ ಅಪ್ರದಕ್ಷಿಣೆಗೆ. ಅಂದರೆ ಬ್ಯಾಡೆಕ್‌ನಿಂದ ಹೊರಟು ಮೊದಲು ಪೂರ್ವ ತೀರದ ಇಂಗನಿಶ್, ಆಮೇಲೆ ಉತ್ತರದ ಬೆಟ್ಟಗಳು, ಕೊನೆಗೆ ಪಶ್ಚಿಮದ ಶೆಟಿಕ್ಯಾಂಪ್.

ಪ್ರದಕ್ಷಿಣೆ ಹಾಕಿ ಅನ್ನುವವರ ಮಾತಿನಲ್ಲೂ ಹುರುಳಿದೆ. ಕೆನಡಾದಲ್ಲಿ ಗಾಡಿ ಓಡುವುದು ರಸ್ತೆಯ ಬಲಗಡೆ. ಆ ದಿಕ್ಕಿನಲ್ಲಿ ಸಮುದ್ರ ಎಡಕ್ಕಿರುತ್ತದೆ, ನಾವು ಬೆಟ್ಟದ ಮಗ್ಗುಲಿಗೆ ಅಂಟಿಕೊಂಡು ಹೋಗುತ್ತೇವೆ. ಪ್ರಪಾತಕ್ಕೂ ನಮಗೂ ನಡುವೆ ಇನ್ನೊಂದು ಲೇನ್. ಎತ್ತರ ಕಂಡರೆ ತಲೆ ತಿರುಗುವವರು ಹಾಗೇ ಹೋಗಲಿ.

ತೊಂದರೆ ಇರುವುದು ಲುಕ್‌ಆಫ್‌ಗಳಲ್ಲಿ. ಗಾಡಿ ನಿಲ್ಲಿಸಿ ಸುತ್ತಲಿನ ನೋಟ ನೋಡಲೆಂದು ರಸ್ತೆ ಪಕ್ಕ ಮಾಡಿಟ್ಟ ಜಾಗಕ್ಕೆ ಇಲ್ಲಿನವರು ಹಾಗೆನ್ನುತ್ತಾರೆ. ಹೆಚ್ಚಿನವು ಸಮುದ್ರದ ಕಡೆಗೇ ಇವೆ. ಪ್ರದಕ್ಷಿಣೆಯಲ್ಲಿ ಅಲ್ಲಿಗೆ ಹೋಗಬೇಕೆಂದರೆ ಪ್ರತಿ ಸಲವೂ ಎದುರಿನ ಲೇನನ್ನು ಅಡ್ಡ ದಾಟಬೇಕು. ನಾವು ಹೋಗಿದ್ದು ಅಕ್ಟೋಬರ್‌ನಲ್ಲಿ. ಮೇಪಲ್ ಎಲೆ ಕೆಂಪಾಗಿರುತ್ತದೆ, ಸೆಲ್ಟಿಕ್ ಕಲರ್ಸ್ ಸಂಗೀತೋತ್ಸವವೂ ಆಗಲೇ, ಎಲ್ಲೆಲ್ಲೂ ಗಾಡಿಗಳು. ಎಡಕ್ಕೆ ಇಂಡಿಕೇಟರ್ ಹಾಕಿ ನಿಂತರೆ ಎದುರಿನ ಸಾಲು ಮುಗಿಯುವುದೇ ಇಲ್ಲ. ತಿರುವಿನಾಚೆಯಿಂದ ಏನು ಬರುತ್ತಿದೆಯೋ ಕಾಣದು. ಕನ್ನಡಿ ತುಂಬ ಹಿಂದಿನ ಆರ್‌ವಿಯ, ಅಂದರೆ ಮನೆಯಂಥ ದೊಡ್ಡ ಗಾಡಿಯ ಮೂತಿ. ಇಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ, ಆದರೂ ಹಿಂದೆ ಕಾಯುತ್ತಿದ್ದಾರೆ ಅನ್ನುವುದೇ ಸಾಕು, ಕೈ ಬೆವರುತ್ತದೆ. "ಬಿಡಪ್ಪಾ, ಮುಂದಿನದರಲ್ಲಿ ನಿಲ್ಲಿಸಿದರಾಯಿತು" ಅಂದರು ಅಮ್ಮ. ಮುಂದಿನದರಲ್ಲೂ ಅದೇ ಪಾಡು. ಹೇಗೋ ಒಳಗೆ ಹೋದರೂ ಹೊರಬರುವಾಗ ಮತ್ತೆ ಅಡ್ಡ ದಾಟಬೇಕು.

ಅಮ್ಮ ಕೂತಿದ್ದು ಮುಂದಿನ ಬಲಗಡೆಯ ಸೀಟಿನಲ್ಲಿ. ಶಿವಮೊಗ್ಗದಿಂದ ಅಷ್ಟು ದೂರ ಬಂದವರಿಗೆ ಕಿಟಕಿಯಲ್ಲಿ ಕಂಡದ್ದು ಬಹುಪಾಲು ಬಂಡೆ, ಫರ್ ಮರ. ನನಗೆ ಇವತ್ತಿಗೂ ಅದು ಬೇಸರವೇ.

ಅಪ್ರದಕ್ಷಿಣೆಯಲ್ಲಿ ಈ ರಗಳೆಯೇ ಇಲ್ಲ. ಮನಸ್ಸು ಬಂದಲ್ಲಿ ಬಲಕ್ಕೆ ಸರಿದು ನಿಂತರಾಯಿತು. ನಮ್ಮದು ಬುತ್ತಿ ಕಟ್ಟಿಕೊಂಡು ಹೋಗುವ ಮನೆ. ದಾರಿಯ ಹೋಟೆಲುಗಳಲ್ಲಿ ಲಾಬ್ಸ್ಟರ್, ಚೌಡರ್‌ಗಳದ್ದೇ ಕಾರುಬಾರು. ಸಸ್ಯಾಹಾರಿಗಳಿಗೆ ಸಿಗುವುದು ಕಡಿಮೆ, ಬೆಲೆ ಜಾಸ್ತಿ. ಪುಳಿಯೋಗರೆ ಡಬ್ಬಿ ಬಿಚ್ಚಲು ಲುಕ್‌ಆಫ್ ಬೇಕೇ ಬೇಕು.

ಇಳಿಜಾರಿನ ಲೆಕ್ಕವೂ ಇದೆ. ಇಂಗನಿಶ್‌ಗೆ ಮುಂಚೆ ಸಿಗುವ ಕೇಪ್ ಸ್ಮೋಕಿ ಬೆಟ್ಟದ ಕಡಿದಾದ ತಿರುವುಗಳಿರುವುದು ದಕ್ಷಿಣದ ಕಡೆ. ಅಪ್ರದಕ್ಷಿಣೆಯಲ್ಲಿ ಅವನ್ನು ಬೆಳಗ್ಗೆಯೇ ಹತ್ತಿ ಮುಗಿಸುತ್ತೇವೆ. ಪ್ರದಕ್ಷಿಣೆಯಲ್ಲಾದರೆ ದಣಿದ ಹೊತ್ತಿನಲ್ಲಿ ಇಳಿಯಬೇಕು. ಆಗುಂಬೆ ಘಾಟಿಯ 14 ತಿರುವು ಇಳಿದು ರೂಢಿಯಾದ ನನಗೂ ಹತ್ತುವುದೇ ಇಷ್ಟ. ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಸಮುದ್ರ ನೋಡಲಾಗುವುದಿಲ್ಲ.

ಬ್ಯಾಡೆಕ್‌ನ ಗ್ರಹಾಂ ಬೆಲ್ ಮ್ಯೂಸಿಯಂಗೆ ದಿಕ್ಕಿನ ಹಂಗಿಲ್ಲ. ಪ್ಲೆಸೆಂಟ್ ಬೇ ಹತ್ತಿರದ ಲೋನ್ ಶೀಲಿಂಗ್ ಕಲ್ಲುಗುಡಿಸಲಿಗೂ, ಅದರ ಸುತ್ತಲಿನ ಮುದಿ ಮೇಪಲ್ ಮರಗಳಿಗೂ ಅಷ್ಟೇ.

ಸಂಜೆಯ ಬೆಳಕಿಗಂತೂ ಅಪ್ರದಕ್ಷಿಣೆಗೆ ಸಾಟಿಯಿಲ್ಲ. ಹೊತ್ತು ಇಳಿಯುವಾಗ ಫ್ರೆಂಚ್ ಮೌಂಟನ್ ಮೇಲಿನ ಸ್ಕೈಲೈನ್ ಕಾಲುದಾರಿಯ ತುದಿಯಲ್ಲಿರಬಹುದು. ಎದುರಿಗೆ ಸೇಂಟ್ ಲಾರೆನ್ಸ್ ಕೊಲ್ಲಿ, ಕೆಳಗೆ ನಾವು ಇನ್ನು ಇಳಿಯಬೇಕಾದ ರಸ್ತೆ ದಂಡೆಗುಂಟ ಬಳುಕಿಕೊಂಡು ಹೋಗುತ್ತದೆ. ಪ್ರದಕ್ಷಿಣೆಯಲ್ಲಿ ನಾವು ಅಲ್ಲಿಗೆ ಮುಟ್ಟಿದ್ದು ನಡುಹಗಲಿಗೆ. ಬಿಸಿಲಲ್ಲಿ ಎಲ್ಲ ಬಿಳಿಚಿಕೊಂಡಿತ್ತು.

ಒಂದೇ ದಿನದಲ್ಲಿ ಸುತ್ತು ಮುಗಿಸುವ ಹಟ ಬೇಡ. ಶೆಟಿಕ್ಯಾಂಪ್‌ನಲ್ಲಿ ಒಂದು ರಾತ್ರಿಯ ರೂಮಿಗೆ ದುಡ್ಡು ತೆಗೆದಿಡಿ, ಬುತ್ತಿಯಲ್ಲಿ ಉಳಿಸಿದ್ದು ಅಲ್ಲಿಗಾಗುತ್ತದೆ. ಸ್ಕೈಲೈನ್‌ನಿಂದ ಇಳಿಯುವ ಹೊತ್ತಿಗೆ ಮೂಸ್ ಎಂಬ ಭಾರಿ ಗಾತ್ರದ ಜಿಂಕೆಗಳು ರಸ್ತೆಗೆ ಬರುತ್ತವೆ. ನಿಧಾನ ಹೋಗಿ, ಪೆಟ್ರೋಲ್ ಇಂಗನಿಶ್‌ನಲ್ಲೇ ತುಂಬಿಸಿಕೊಂಡಿರಿ.